ಟಾಲಿನ್–ಹೆಲ್ಸಿಂಕಿ ನಡುವೆ ಆದದ್ದು ನಮ್ಮ ಗಡಿಯಲ್ಲಿ ಯಾಕೆ ಆಗಬಾರದು? ಪುಣೆಯಿಂದ ಒಂದು ಪ್ರಶ್ನೆ

ಸಪ್ತಾಪುರದವಳು, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇನೆ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಡುವೆ ಎಂಟು ತಿಂಗಳು ಕೆಲಸದ ಮೇಲೆ ಟಾಲಿನ್‌ನಲ್ಲಿದ್ದೆ, ಎಸ್ಟೋನಿಯಾದ ರಾಜಧಾನಿ. ಅಲ್ಲಿ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಟಾಲಿನ್‌ನ ಎದುರಿಗೆ ಸಮುದ್ರ, ಆಚೆ ದಡದಲ್ಲಿ ಹೆಲ್ಸಿಂಕಿ, ಫಿನ್ಲೆಂಡಿನ ರಾಜಧಾನಿ. ನಡುವೆ ಸುಮಾರು 80 ಕಿಲೋಮೀಟರ್ ನೀರು. ದೊಡ್ಡ ಹಡಗು ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ನನ್ನ ಪಕ್ಕದ ಮೇಜಿನ ಹುಡುಗ ಸೋಮವಾರ ಬೆಳಗ್ಗೆ ಆ ಹಡಗು ಹತ್ತಿ ಹೋದರೆ ಗುರುವಾರ ಸಂಜೆ ವಾಪಸ್ ಬರುತ್ತಿದ್ದ, ನಮ್ಮವರು ಶುಕ್ರವಾರ ರಾತ್ರಿ ಪುಣೆಯಿಂದ ಹುಬ್ಬಳ್ಳಿ ಬಸ್ ಹತ್ತುತ್ತಾರಲ್ಲ, ಅಷ್ಟೇ ಸಲೀಸಾಗಿ. ಎರಡೂ ಭಾಷೆ ಒಂದೇ ಬಳ್ಳಿಯವು. ಸೋವಿಯತ್ ಕಾಲದಲ್ಲಿ ಎಸ್ಟೋನಿಯಾದ ಉತ್ತರದ ಜನ ಆಚೆ ದಡದ ಟಿವಿ ನೋಡಿ ನೋಡಿಯೇ ಫಿನ್ನಿಶ್ ಕಲಿತರಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಎಸ್ಟೋನಿಯಾ 2001ರಲ್ಲಿ ಎಕ್ಸ್-ರೋಡ್ ಅಂತ ಒಂದು ವ್ಯವಸ್ಥೆ ಶುರು ಮಾಡಿತು. ಒಂದು ಕಚೇರಿಯ ದಾಖಲೆಯನ್ನು ಇನ್ನೊಂದು ಕಚೇರಿ ಸುರಕ್ಷಿತವಾಗಿ ಕೇಳಿ ಪಡೆಯುವ ದಾರಿ ಅದು. ಎಲ್ಲವನ್ನೂ ಒಂದೇ ಕಡೆ ತಂದು ಗುಡ್ಡೆ ಹಾಕುವುದಿಲ್ಲ, ಯಾರ ದಾಖಲೆ ಅವರ ಹತ್ತಿರವೇ ಇರುತ್ತದೆ. ಪಕ್ಕದ ಫಿನ್ಲೆಂಡ್ ಅದನ್ನೇ ತಾನೂ ತೆಗೆದುಕೊಂಡಿತು. 2013ರಲ್ಲಿ ಎರಡೂ ದೇಶದ ಪ್ರಧಾನಿಗಳು ಇದರ ಒಪ್ಪಂದಕ್ಕೆ ಡಿಜಿಟಲ್ ಸಹಿ ಹಾಕಿದರು. ಸಹಿ ಹಾಕಿ ಫೋಟೊ ತೆಗೆಸಿಕೊಂಡು ಕೂರಲಿಲ್ಲ ಅನ್ನುವುದೇ ಇಲ್ಲಿನ ವಿಷಯ. 2017ರಲ್ಲಿ ಇಬ್ಬರೂ ದುಡ್ಡು ಹಾಕಿ ಟಾಲಿನ್‌ನಲ್ಲಿ ಒಂದು ಸಣ್ಣ ಸಂಸ್ಥೆ ಕಟ್ಟಿದರು, ಆ ಕೋಡನ್ನು ನೋಡಿಕೊಳ್ಳುವುದೇ ಅದರ ಕೆಲಸ. ಮರುವರ್ಷ ಎರಡು ದೇಶಗಳ ಜಾಲ ಒಂದಕ್ಕೊಂದು ಸೇರಿತು. 2019ರ ಜನವರಿಯಿಂದ ಫಿನ್ಲೆಂಡಿನ ಡಾಕ್ಟರು ಬರೆದ ಎಲೆಕ್ಟ್ರಾನಿಕ್ ಚೀಟಿಗೆ ಎಸ್ಟೋನಿಯಾದ ಔಷಧಿ ಅಂಗಡಿಯಲ್ಲಿ ಮಾತ್ರೆ ಸಿಗುತ್ತಿದೆ. ಇದರ ಜೊತೆಗೆ ಟಾಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯ, ಆಚೆಯ ಆಲ್ಟೊ ವಿಶ್ವವಿದ್ಯಾಲಯ, ಹೆಲ್ಸಿಂಕಿ ನಗರದ ಹೊಸ ಪ್ರಯೋಗಗಳ ಕಂಪನಿ ಫೋರಮ್ ವೀರಿಯಮ್, ಇವೆಲ್ಲ ಸೇರಿ ನಗರಗಳ ಬಗ್ಗೆ ಒಂದು ಸಂಶೋಧನಾ ಕೇಂದ್ರ ನಡೆಸುತ್ತಿವೆ. ನಗರದವರು ತಮ್ಮ ತೊಂದರೆ ಹೇಳುತ್ತಾರೆ, ಸಂಶೋಧಕರು ಅದಕ್ಕೆ ಕೈ ಹಾಕುತ್ತಾರೆ.

ವಾಪಸ್ ಬಂದ ಮೇಲೆ ನಕ್ಷೆ ಬಿಡಿಸಿ ಕೂತೆ. ಮುಂಬೈ, ಪಣಜಿ, ಬೆಂಗಳೂರು. ಮೂರೂ ರಾಜಧಾನಿಗಳು, ಮೂರೂ ಅಕ್ಕಪಕ್ಕದ ರಾಜ್ಯಗಳದ್ದು. ಆದರೆ ಒಂದರಿಂದ ಇನ್ನೊಂದಕ್ಕೆ ಐನೂರು ಕಿಲೋಮೀಟರಿಗೂ ಜಾಸ್ತಿ. ಅದೇ ಪಣಜಿಯಿಂದ ಚೋರ್ಲಾ ಘಾಟ್ ಹತ್ತಿದರೆ ಬೆಳಗಾವಿ ನೂರು ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ಧಾರವಾಡ ಒಂದೂವರೆ ಗಂಟೆ. ಗೋವಾ ಐಐಟಿ, ಧಾರವಾಡ ಐಐಟಿ ಎರಡೂ ಶುರುವಾಗಿದ್ದು 2016ರಲ್ಲೇ, ಎರಡನ್ನೂ ಕೈ ಹಿಡಿದು ನಡೆಸಿದ್ದು ಮುಂಬೈ ಐಐಟಿ. ಅಂದರೆ ಒಂದೇ ತಾಯಿಯ ಮಡಿಲಲ್ಲಿ ಬೆಳೆದವು, ಅಲ್ವಾ?

ಬಾಣೇರ್ ಕಡೆಯ ನಾವು ಹದಿನೈದು ಇಪ್ಪತ್ತು ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವೆ. ಈ ಸಲ ಮೂರೂ ಕಡೆಯ ವಿಜ್ಞಾನ ವಿದ್ಯಾರ್ಥಿಗಳನ್ನು ಒಂದು ಭಾನುವಾರ ಕೂಡಿಸೋಣ ಅಂತ ಮಾತಾಯಿತು. ಭಾಷಣ ಬೇಡ, ಕೈಗೆ ಏನಾದರೂ ಕೆಲಸ ಕೊಡಬೇಕು ಅನ್ನುವುದು ನನ್ನ ಆಸೆ. ನಿಮ್ಮಲ್ಲಿ ಯಾರಾದರೂ ಗಡಿಯ ಆಚೆಯವರ ಜೊತೆ ಸೇರಿ ಕೆಲಸ ಮಾಡಿದ್ದೀರಾ? ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಎಲ್ಲಿಂದ ಶುರು ಮಾಡಬೇಕು?

ಘೋಡ್‌ಬಂದರ್ ರೋಡ್, ಠಾಣೆ

ಮೇಡಂ, ನಾನು ನಾಲ್ಕು ವರ್ಷ ವಿಯೆನ್ನಾದಲ್ಲಿ ಪೋಸ್ಟ್‌ಡಾಕ್ ಮಾಡಿದವನು. ಈಗ ಠಾಣೆಯಲ್ಲಿದ್ದೇನೆ. ನಿಮ್ಮ ಹಡಗಿನ ಕಥೆಗೆ ನನ್ನ ಹತ್ತಿರ ರೈಲಿನ ಕಥೆ ಇದೆ.

ವಿಯೆನ್ನಾದಿಂದ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಗೆ ಅರವತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ, ರೈಲಿನಲ್ಲಿ ಒಂದು ಗಂಟೆ. ಎರಡೂ ಡ್ಯಾನ್ಯೂಬ್ ನದಿಯ ಮೇಲೆಯೇ ಇವೆ. 1914ರಲ್ಲೇ ಎರಡು ಊರಿನ ನಡುವೆ ವಿದ್ಯುತ್ ರೈಲು ಓಡುತ್ತಿತ್ತು. ಆಮೇಲೆ ಯುದ್ಧ, ಆಮೇಲೆ ಮುಳ್ಳುತಂತಿ. 1989ರವರೆಗೆ ನದಿಯ ಆ ದಡದವರಿಗೆ ಈ ದಡ ಬೇರೆ ಲೋಕ.

ಹತ್ತಿರ ಇದ್ದ ಮಾತ್ರಕ್ಕೆ ಯಾವುದೂ ತಾನಾಗಿ ಆಗುವುದಿಲ್ಲ. ಸ್ಲೊವಾಕಿಯಾ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವುದು ನಿಂತದ್ದು 2007ರ ಡಿಸೆಂಬರ್‌ನಲ್ಲಿ. ಸ್ಲೊವಾಕ್ ಜನ ಆಸ್ಟ್ರಿಯಾದಲ್ಲಿ ಬೇರೆ ಪರವಾನಗಿ ಇಲ್ಲದೆ ಕೆಲಸಕ್ಕೆ ಸೇರುವಂತಾದದ್ದು 2011ರ ಮೇ ತಿಂಗಳಲ್ಲಿ. ಒಂದೊಂದು ಬಾಗಿಲು ಒಂದೊಂದು ಸಲ ತೆರೆಯಿತು. ಈಗ ಹಾಯಿನ್‌ಬುರ್ಗ್, ಕಿಟ್‌ಸೇ ಮುಂತಾದ ಆಸ್ಟ್ರಿಯಾದ ಗಡಿ ಊರುಗಳಲ್ಲಿ ಬ್ರಾಟಿಸ್ಲಾವಾದಲ್ಲಿ ಕೆಲಸ ಮಾಡುವ ಸ್ಲೊವಾಕ್ ಕುಟುಂಬಗಳು ಮನೆ ಮಾಡಿಕೊಂಡಿವೆ. ನಾನಿದ್ದ ಲ್ಯಾಬಿನ ಟೆಕ್ನಿಷಿಯನ್ ಕೂಡ ದಿನಾ ಬ್ರಾಟಿಸ್ಲಾವಾದಿಂದಲೇ ಬರುತ್ತಿದ್ದಳು.

ಇನ್ನೊಂದು ಮಾತು. ಅದೇ ಕಿಟ್‌ಸೇಯಲ್ಲಿ 2003ರಲ್ಲಿ ನಾಲ್ಕು ದೇಶದ ಗಡಿ ಪ್ರದೇಶಗಳವರು ಸೇರಿ ಸೆಂಟ್ರೋಪ್ ಅಂತ ಒಂದು ದೊಡ್ಡ ಘೋಷಣೆ ಮಾಡಿದರು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅದರ ಮೊದಲಿನ ಹುರುಪು ಉಳಿದಿರಲಿಲ್ಲ. ಉಳಿದದ್ದು ಏನು ಗೊತ್ತಾ? ರೈಲು, ಓಡಾಡುವ ಜನ, ನೆಲದಡಿಯ ಫೈಬರ್. ಆ ಫೈಬರ್ ಬಗ್ಗೆ ಹೇಳಲೇಬೇಕು, ಅದು ನನ್ನ ವಿಷಯಕ್ಕೆ ಹತ್ತಿರದ್ದು. ವಿಯೆನ್ನಾದ ಭೌತವಿಜ್ಞಾನಿಗಳು ಹೆಣೆದುಕೊಂಡ ಬೆಳಕಿನ ಕಣಗಳ ಜೋಡಿ, ಅಂದರೆ ಎಷ್ಟು ದೂರ ಇದ್ದರೂ ಎರಡರ ಅಳತೆ ಒಂದಕ್ಕೊಂದು ಹೊಂದಿಕೊಂಡೇ ಬರುವಂಥ ಜೋಡಿ ಮಾಡಿ, ಒಂದನ್ನು ಆಸ್ಟ್ರಿಯಾದ ಸೇಂಟ್ ಪೋಲ್ಟನ್‌ಗೂ ಇನ್ನೊಂದನ್ನು ಬ್ರಾಟಿಸ್ಲಾವಾಗೂ ಕಳಿಸಿದರು. ಒಟ್ಟು 248 ಕಿಲೋಮೀಟರ್ ಫೈಬರ್, ಪ್ರಯೋಗಾಲಯದಲ್ಲಿ ಸುರುಳಿ ಸುತ್ತಿಟ್ಟಿದ್ದಲ್ಲ, ನಿಜವಾಗಿ ನೆಲದಲ್ಲಿ ಹೂತದ್ದು. 110 ಗಂಟೆ ಓಡಿಸಿ 2022ರಲ್ಲಿ ಪ್ರಕಟಿಸಿದರು. ಒಬ್ಬರು ಕದ್ದು ಕೇಳಿದರೂ ಗೊತ್ತಾಗಿಬಿಡುವಂಥ ಗುಟ್ಟಿನ ಕೀಲಿಗಳನ್ನು ದೇಶದಿಂದ ದೇಶಕ್ಕೆ ಕಳಿಸುವ ದಾರಿ ಅದು. ಇಂಥದ್ದಕ್ಕೆ ಆಚೆ ತುದಿಯಲ್ಲಿ ಒಬ್ಬರು ಬೇಕೇ ಬೇಕು. ಅವರಿಲ್ಲದೆ ಪ್ರಯೋಗವೇ ಇಲ್ಲ. ನಿಮ್ಮ ಹುಡುಗರಿಗೂ ಅಂಥ ಕೆಲಸವನ್ನೇ ಹುಡುಕಿ ಕೊಡಿ, ಒಂದೇ ಕಡೆಯವರು ಮಾಡಲು ಬರಲೇಬಾರದು.

ಚೆಂಬೂರ್ ನಾಕಾ

ಇಬ್ಬರೂ ದುಡ್ಡಿನ ಮಾತು ಬಿಟ್ಟಿರಿ. ಯುರೋಪಿನಲ್ಲಿ ಗಡಿ ಭಾಗದ ಕೆಲಸಕ್ಕೆ ಅಂತಲೇ ಇಂಟರ್‌ರೆಗ್ ಅನ್ನುವ ನಿಧಿ 1990ರಿಂದ ಇದೆ. ಗಡಿಯ ಎರಡೂ ಕಡೆ ಪಾಲುದಾರರು ಇರಬೇಕು ಅನ್ನುವುದು ಅದರ ಷರತ್ತು. ಷರತ್ತೇ ಹಾಗಿದ್ದರೆ ಜನ ಆಚೆಯವರನ್ನು ಹುಡುಕಿಕೊಂಡು ಹೋಗುತ್ತಾರೆ. ನನ್ನ ಅನುಭವದಲ್ಲಿ ಇಲ್ಲಿ ರಾಜ್ಯದ ದುಡ್ಡಿನಲ್ಲಿ ಪ್ರಾಜೆಕ್ಟ್ ಸಿಕ್ಕಿದರೆ ಆ ರಾಜ್ಯದೊಳಗೇ ಖರ್ಚು ಮಾಡಬೇಕು ಅನ್ನುತ್ತಾರೆ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ಇಂಥ ಅರ್ಜಿ ಎರಡು ಸಲ ಬರೆದಿದ್ದೇನೆ, ಆಚೆಯ ರಾಜ್ಯದ ಸಹೋದ್ಯೋಗಿಯ ಹೆಸರು ಕಂಡ ಕೂಡಲೇ ಎರಡು ಸಲವೂ ವಾಪಸ್ ಬಂತು. ನನಗೆ ನಿಜವಾಗಿಯೂ ಬೇಜಾರಾಯಿತು. ಕೇಂದ್ರದ ನಿಧಿಯಲ್ಲಿ ಈ ತೊಂದರೆ ಕಡಿಮೆ, ಆದರೆ ಅಲ್ಲಿ ಸಣ್ಣ ಕಾಲೇಜಿನವರ ಸರದಿ ಬರುವುದು ಕಷ್ಟ. ಹುಡುಗರಿಗೆ ಹೇಳುವಾಗ ಇದನ್ನೂ ಹೇಳಿ.

ದೋನಾ ಪಾವ್ಲಾ ದಂಡೆ, ಗೋವಾ

ಅಕ್ಕಾ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಒಂದು ನದಿ. ನೀವು ಧಾರವಾಡದವರು, ಅದರ ಹೆಸರು ಹೇಳಿದರೆ ನಿಮ್ಮಲ್ಲಿ ಏನೇನು ಏಳುತ್ತದೆ ಅಂತ ಗೊತ್ತು. ನಾನು ಹುಟ್ಟಿದ್ದು ಖಾನಾಪುರ ತಾಲ್ಲೂಕಿನಲ್ಲಿ, ಇಪ್ಪತ್ತು ವರ್ಷದಿಂದ ಗೋವಾದ ಅನ್ನ ತಿನ್ನುತ್ತಿದ್ದೇನೆ. ಹಾಗಾಗಿ ಎರಡೂ ದಡ ನನ್ನದೇ.

ನಾವು ಮಹದಾಯಿ ಅನ್ನುತ್ತೇವೆ. ಗೋವಾದವರಿಗೆ ಅದು ಮ್ಹಾದಯಿ, ಕೆಳಗೆ ಬಂದ ಮೇಲೆ ಮಾಂಡವಿ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಪಣಜಿಯಲ್ಲಿ ಸಮುದ್ರ ಸೇರುತ್ತದೆ. ಅದೇ ಕಣಕುಂಬಿಯ ಗುಡ್ಡದಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗುತ್ತಾಳೆ, ಕಳಸಾ ಹಳ್ಳ ಪಶ್ಚಿಮಕ್ಕೆ ಇಳಿಯುತ್ತದೆ. ಆ ತಿರುವಿನ ಮೇಲೇ ಇಷ್ಟು ವರ್ಷದ ಜಗಳ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು, ಜಗಳ ಇನ್ನೂ ನಿಂತಿಲ್ಲ. ಯಾರಿಗೆ ಎಷ್ಟು ನೀರು ಅನ್ನುವುದಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ನದಿಯಲ್ಲಿ ಏನಿದೆ ಅಂತ ಅಳೆಯುವ ಮಾತು ಮಾತ್ರ ಆಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಇಲ್ಲೊಂದು ಕಡೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಮಳೆಗಾಲದಲ್ಲಿ ನದಿ ಎಷ್ಟು ಮಣ್ಣು ಹೊತ್ತು ತರುತ್ತದೆ ಅಂತ ನೋಡುವ ಕೆಲಸ. ಬಾಟಲಿಯಲ್ಲಿ ನೀರು ತುಂಬುವುದು, ಫಿಲ್ಟರ್ ಕಾಗದದಲ್ಲಿ ಸೋಸುವುದು, ಒಣಗಿಸಿ ತೂಗುವುದು, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆಯುವುದು. ಘಟ್ಟದ ಮೇಲೆ ಒಂದು ಕಾಲೇಜಿನವರು ಅದೇ ಮಳೆಗಾಲದಲ್ಲಿ ಅದೇ ಕೆಲಸ ಮಾಡುತ್ತಿದ್ದಾರೆ ಅಂತ ತಿಳಿದು ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತೇ ಫೋನ್ ಮಾಡಿದೆ. ಅವರೂ ಪಾಪ ತುಂಬ ಪ್ರೀತಿಯಿಂದ ಎಲ್ಲ ಅಂಕಿ ಕಳಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೂ ಕೂಡಲಿಲ್ಲ. ಅವರು ಮಣ್ಣು ತೂಗಿರಲಿಲ್ಲ, ಮೀಟರ್ ಮುಳುಗಿಸಿ ನೀರು ಎಷ್ಟು ಕದಡಿದೆ ಅಂತ ಎನ್‌ಟಿಯು ಅನ್ನುವ ಮಾನದಲ್ಲಿ ಬರೆದಿದ್ದರು. ನೀರಿನ ಮಟ್ಟಕ್ಕೆ ಅವರ ಸೊನ್ನೆ ಸೇತುವೆಯ ಕಲ್ಲಿನ ಮೇಲೆ ಬಣ್ಣದಲ್ಲಿ ಹಾಕಿದ ಒಂದು ಗೆರೆ, ನಮ್ಮ ಸೊನ್ನೆ ಸಮುದ್ರಮಟ್ಟ. ಅವರು ಪ್ರತಿ ಸೋಮವಾರ ಬೆಳಗ್ಗೆ ಹೋಗುತ್ತಿದ್ದರು, ನಾವು ಉಬ್ಬರ ಇಳಿತ ನೋಡಿಕೊಂಡು ಹೋಗುತ್ತಿದ್ದೆವು. ಇಲ್ಲಿ ಉಬ್ಬರ ಇಳಿತದ ಪ್ರಭಾವ ಸಮುದ್ರದಿಂದ ಸುಮಾರು 50 ಕಿಲೋಮೀಟರ್ ಒಳಗೆ ಗಾಂಜೆವರೆಗೂ ಇದೆ, ಅದನ್ನು ಬಿಟ್ಟು ಲೆಕ್ಕ ಮಾಡುವಂತಿಲ್ಲ. ಇಬ್ಬರದೂ ತಪ್ಪಲ್ಲ. ಮೊದಲು ಯಾರೂ ಯಾರನ್ನೂ ಕೇಳಿರಲಿಲ್ಲ ಅಷ್ಟೇ.

ಮುಂದಿನ ಮಳೆಗಾಲಕ್ಕೆ ಒಟ್ಟಿಗೆ ಮಾಡೋಣ ಅಂತ ನಿರ್ಧಾರ ಮಾಡಿದೆವು. ನಾನು ಘಟ್ಟ ಹತ್ತಿ ನಾಲ್ಕು ದಿನ ಅಲ್ಲಿರಬೇಕು. ಬೇರೆ ರಾಜ್ಯಕ್ಕೆ ಫೀಲ್ಡ್ ಕೆಲಸಕ್ಕೆ ಹೋಗಲು ಬೇರೆ ಮಂಜೂರಾತಿ ಬೇಕು ಅಂದರು. ಜೂನ್ ಮೊದಲ ವಾರ ಅರ್ಜಿ ಕೊಟ್ಟೆ. ಮಂಜೂರಾತಿ ಬಂದದ್ದು ಅಕ್ಟೋಬರ್‌ನಲ್ಲಿ. ಮಳೆ ಮುಗಿದು ನದಿ ತಿಳಿಯಾಗಿತ್ತು. ಡಿಸೆಂಬರ್‌ಗೆ ಪ್ರಾಜೆಕ್ಟೂ ಮುಗಿಯಿತು, ದುಡ್ಡು ಖರ್ಚಾದ ಲೆಕ್ಕದ ಯುಟಿಲೈಸೇಶನ್ ಸರ್ಟಿಫಿಕೇಟ್ ಕಳಿಸಿ ಫೈಲು ಕಟ್ಟಿಟ್ಟರು. ಘಟ್ಟದ ಮೇಲಿನ ಆ ಮೇಡಂ ಈಗಲೂ ದೀಪಾವಳಿಗೆ ಮೆಸೇಜ್ ಮಾಡುತ್ತಾರೆ.

ಠಾಣೆಯವರು ಡ್ಯಾನ್ಯೂಬ್ ಹೆಸರು ಹೇಳಿದ್ದು ನೋಡಿ ಇದೆಲ್ಲ ನೆನಪಾಯಿತು. ಆ ನದಿಗೆ 1994ರಲ್ಲಿ ಒಂದು ಒಪ್ಪಂದ ಆಯಿತು. ಅದನ್ನು ನೋಡಿಕೊಳ್ಳುವ ಕಚೇರಿ ವಿಯೆನ್ನಾದಲ್ಲೇ ಇದೆ. 2001ರಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ಹಡಗಿನಲ್ಲಿ ಜರ್ಮನಿಯಿಂದ ಹೊರಟು ನದಿ ಸಮುದ್ರ ಸೇರುವವರೆಗೂ ಹೋದರು. ದಾರಿಯುದ್ದಕ್ಕೂ ಒಂದೇ ವಿಧಾನದಲ್ಲಿ ನೀರು, ಕೆಸರು, ಹುಳ ನೋಡಿದರು. ಮತ್ತೆ 2007, 2013, 2019ರಲ್ಲಿ ಅದೇ ಥರದ ಸಮೀಕ್ಷೆ ಆಯಿತು. ಅಲ್ಲೇನು ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದರು ಅಂದುಕೊಳ್ಳಬೇಡಿ. ಬ್ರಾಟಿಸ್ಲಾವಾದ ಕೆಳಗಿನ ಗಾಬ್‌ಚಿಕೊವೊ ಅಣೆಕಟ್ಟಿನ ಬಗ್ಗೆ ಸ್ಲೊವಾಕಿಯಾ, ಹಂಗೇರಿ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿದ್ದವು, 1997ರಲ್ಲಿ ತೀರ್ಪೂ ಬಂತು, ಆದರೂ ಜಗಳ ಪೂರ್ತಿ ಮುಗಿಯಲಿಲ್ಲ. ಆ ಎರಡೂ ದೇಶ ಈ ಸಮೀಕ್ಷೆಯಲ್ಲಿ ಇದ್ದವು. ನ್ಯಾಯಾಲಯದಲ್ಲಿ ಎದುರುಬದುರು ನಿಂತವರು ನದಿಯ ಮೇಲೆ ಒಟ್ಟಿಗೆ ಕೆಲಸ ಮಾಡಬಹುದು ಅಂತ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು, ಸುಮ್ನೆ ಹೇಳುತ್ತಿಲ್ಲ.

ಡೊಂಬಿವಲಿ ಫಿಟ್ಟರ್

ನಾನು ಮುಂಬೈಯ ಒಂದು ಪ್ರಯೋಗಾಲಯದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನೀವೆಲ್ಲ ಇಲ್ಲದ್ದನ್ನೇ ಹೇಳುತ್ತಿದ್ದೀರಿ, ಇದ್ದದ್ದನ್ನೂ ಸ್ವಲ್ಪ ಹೇಳುತ್ತೇನೆ ಮಕ್ಕಳೇ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮುಂಬೈಯದ್ದು ಅಂತ ಎಲ್ಲರಿಗೂ ಗೊತ್ತು. ಅದು 1945ರಲ್ಲಿ ಕಣ್ಣು ಬಿಟ್ಟಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಅದನ್ನು ಕಟ್ಟಿದ ಹೋಮಿ ಭಾಭಾ ಆಗ ಅಲ್ಲೇ ಇದ್ದರು. ಅದೇ ವರ್ಷದ ಕೊನೆಗೆ ಮುಂಬೈಗೆ ಬಂತು. ಕೋಲಾರದ ಚಿನ್ನದ ಗಣಿಯ ಕಥೆ ನಮ್ಮ ಹಿರಿಯರು ಊಟದ ಹೊತ್ತಿಗೆ ಹೇಳುತ್ತಿದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಉಪಕರಣ ಇಳಿಸಿ 1965ರಲ್ಲಿ ನ್ಯೂಟ್ರಿನೋ ಗುರುತು ಹಿಡಿದರು, ಏನಕ್ಕೂ ತಾಗದ ಹಾಗೆ ನೆಲವನ್ನೇ ತೂರಿ ಹೋಗುವ ಬಲು ಸಣ್ಣ ಕಣ ಅದು. ಮೇಲಿನ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಜಗತ್ತಿನಲ್ಲಿ ಮೊದಲ ಸಲ ಕಂಡದ್ದು ಆ ವರ್ಷವೇ, ನಮ್ಮ ಕೋಲಾರದಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಒಂದು ಗಣಿಯಲ್ಲಿ. ಮುಂಬೈಯವರ ಜೊತೆ ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಾಮ್‌ನವರು ಇದ್ದರು. ಗಣಿಯವರ ಲಿಫ್ಟು, ಗಣಿಯವರ ಕರೆಂಟು, ಗಣಿ ಕೆಲಸಗಾರರ ಕೈ. ಅವರಿಲ್ಲದೆ ಏನೂ ಇಲ್ಲ.

ಹೊಸದು ಬೇಕಾದರೆ ಸೂರ್ಯನನ್ನು ನೋಡಲು ಕಳಿಸಿದ ನಮ್ಮ ನೌಕೆ ಆದಿತ್ಯ-ಎಲ್1 ನೋಡಿ, 2023ರ ಸೆಪ್ಟೆಂಬರ್ 2ರಂದು ಹಾರಿತು. ಅದರಲ್ಲಿ ಸೂರ್ಯನ ಹೊರವಲಯ ನೋಡುವ ಉಪಕರಣ ಬೆಂಗಳೂರಿನ ಖಭೌತ ಸಂಸ್ಥೆಯದು, ನೇರಳಾತೀತ ಬೆಳಕಿನಲ್ಲಿ ಇಡೀ ಸೂರ್ಯನ ಚಿತ್ರ ತೆಗೆಯುವ ದೂರದರ್ಶಕ ಪುಣೆಯ ಖಗೋಳ ವಿಜ್ಞಾನ ಕೇಂದ್ರ ಅಯೂಕಾದ್ದು. ಎರಡೂ ಒಂದೇ ನೌಕೆಯ ಮೇಲೆ ಕೂತಿವೆ. ಎರಡು ಊರಿನವರು ಒಂದು ಸ್ಕ್ರೂನ ಅಳತೆಯಿಂದ ಹಿಡಿದು ಮಾತಾಡಿಕೊಳ್ಳದಿದ್ದರೆ ಅದು ಸಾಧ್ಯವೇ ಇಲ್ಲ. ಗೋವಾದ ತಮ್ಮ ಹೇಳಿದ ಸೊನ್ನೆಯ ಮಾತು ನೂರಕ್ಕೆ ನೂರು ನಿಜ. ನಮ್ಮ ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಬಂದ ಕೂಡಲೇ ಮೊದಲು ಕೇಳುತ್ತಿದ್ದದ್ದು ಒಂದೇ: ಅಳತೆ ಎಲ್ಲಿಂದ ಹಿಡಿದಿದ್ದೀರಿ? ಅದು ಇಬ್ಬರಿಗೂ ಒಂದೇ ಆದರೆ ಮುಂದಿನದು ಬರೀ ದುಡಿಮೆ.

ಪಾಷಾಣ್ ರೋಡ್, ಪುಣೆ

ನಾನು ಸೊರಬದ ಕಡೆಯವಳು, ಪುಣೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದಿ ಇಲ್ಲೇ ಕೆಲಸದಲ್ಲಿದ್ದೇನೆ. ಕಾಕಾ, ನಿಮ್ಮ ಪಟ್ಟಿಗೆ ನನ್ನದೊಂದು ಸೇರಿಸಿ, ಮಂಗನ ಕಾಯಿಲೆ. ನಮ್ಮೂರಿನಲ್ಲಿ ಅದು ಪಾಠದ ವಿಷಯ ಅಲ್ಲ, ಮನೆಯ ವಿಷಯ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳು, ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ಜ್ವರ ಬಂತು. ಆ ವೈರಸ್ ಹಿಡಿದು ತೋರಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಶುರುವಾದ ಆ ಕೇಂದ್ರವೇ 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ. ಹರಡುವುದು ಉಣುಗಿನಿಂದ ಅಂತ ತಿಳಿಯಿತು. ರಷ್ಯಾದ ಒಂದು ಕಾಯಿಲೆಯ ವೈರಸ್‌ಗೆ ಇದು ಹತ್ತಿರದ ನಂಟು ಇದ್ದಂತೆ ಕಂಡದ್ದರಿಂದ ವಲಸೆ ಹಕ್ಕಿಗಳು ತಂದಿರಬಹುದಾ ಅಂತ ಅನುಮಾನ ಬಂತು. ಅದನ್ನು ನೋಡಲು ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಸಲೀಂ ಅಲಿಯವರ ತಂಡ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಶುರು ಮಾಡಿತು. ನಮ್ಮೂರ ಕಾಡು, ಪುಣೆಯ ಲ್ಯಾಬು, ಮುಂಬೈಯ ಹಕ್ಕಿ ವಿಜ್ಞಾನಿಗಳು. ಅಷ್ಟು ಹಿಂದೆಯೇ ಕೈ ಜೋಡಿಸಿದ್ದರು ನೋಡಿ.

ಇಷ್ಟು ಹೇಳಿದ ಮೇಲೆ ಮನಸ್ಸಿಗೆ ನೋವಾಗುವ ಭಾಗವನ್ನೂ ಹೇಳಬೇಕು. 2015ರ ಹೊತ್ತಿಗೆ ಅದೇ ಕಾಯಿಲೆ ಗೋವಾದ ಸತ್ತರಿ ತಾಲ್ಲೂಕಿನ ಗೇರು ತೋಟಗಳಲ್ಲಿ ಕಾಣಿಸಿತು, 2016ರಲ್ಲಿ ಪಕ್ಕದ ಸಿಂಧುದುರ್ಗದ ದೋಡಾಮಾರ್ಗದಲ್ಲಿ. ಗೇರು ಹಂಗಾಮಿಗೆ ಬೆಳಗಾವಿ ಕಡೆಯಿಂದ ಕೂಲಿಗೆ ಹೋಗುವವರು ಎಷ್ಟೋ ಜನ. ಅವರಿಗೆ ಜ್ವರ ಬರುವುದು ಒಂದು ರಾಜ್ಯದಲ್ಲಿ, ಊರಿಗೆ ಹೋಗಿ ಮಲಗುವುದು ಇನ್ನೊಂದು ರಾಜ್ಯದಲ್ಲಿ. ಶಿವಮೊಗ್ಗ ಕಡೆ ಕಾಡಿಗೆ ಹೋಗುವ ಮೊದಲು ಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಸತ್ತ ಮಂಗ ಕಂಡರೆ ಕೂಡಲೇ ತಿಳಿಸಬೇಕು ಅನ್ನುವುದು ಮಕ್ಕಳಿಗೂ ಗೊತ್ತು. ಆ ತಿಳಿವಳಿಕೆ ಘಟ್ಟ ಇಳಿದು ಆಚೆಯ ತೋಟಕ್ಕೆ ಹೋಗಿದೆಯಾ ಅಂತ ಕೇಳಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಉಣುಗು ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. ಸತ್ತ ಮಂಗ ಎಲ್ಲಿ, ಯಾವ ದಿನ ಕಂಡಿತು ಅನ್ನುವ ಒಂದೇ ಒಂದು ನಕ್ಷೆ ಮೂರೂ ರಾಜ್ಯಕ್ಕೆ ಸೇರಿ ಇದ್ದರೆ, ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ ತುಂಬುವಂತಿದ್ದರೆ! ಇದಕ್ಕೆ ದೊಡ್ಡ ಯಂತ್ರ ಬೇಡ. ನೀವು ಸಾಫ್ಟ್‌ವೇರ್‌ನವರು, ಎಕ್ಸ್-ರೋಡ್ ನೋಡಿ ಬಂದವರು, ಯಾರ ದಾಖಲೆ ಅವರ ಹತ್ತಿರವೇ ಇಟ್ಟು ಇಂಥದ್ದನ್ನು ಮಾಡಲು ಆಗುತ್ತದಾ ಹೇಳಿ.

ಸಪ್ತಾಪುರದವಳು, ಪುಣೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಎರಡು ಸಲ ಓದಿದೆ.

ಪಾಷಾಣ್ ರೋಡ್ ಅವರೇ, ಆಗುತ್ತದೆ. ಎಕ್ಸ್-ರೋಡ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಆದರೆ ನಿಮ್ಮ ನಕ್ಷೆಗೆ ಅಷ್ಟು ದೊಡ್ಡದು ಬೇಕಿಲ್ಲ, ಮೂರು ಭಾಷೆಯ ಒಂದು ಸಣ್ಣ ಫಾರ್ಮ್ ಮೊದಲು ಸಾಕು. ಏನೇನು ಕೇಳಬೇಕು, ಏನು ಕೇಳಬಾರದು ಅಂತ ನೀವು ಬರೆದು ಕೊಡಿ. ಆರೋಗ್ಯ ಇಲಾಖೆಯವರಿಗೆ ತೋರಿಸದೆ ಹೊರಗೆ ಬಿಡುವುದು ಬೇಡ, ಸುಮ್ನೆ ಹೆದರಿಕೆ ಹಬ್ಬುತ್ತದೆ. ಚೆಂಬೂರ್ ಮೇಡಂ, ದುಡ್ಡಿನ ಮಾತು ನಾನು ಯೋಚಿಸಿಯೇ ಇರಲಿಲ್ಲ. ಮೊದಲ ಸುತ್ತಿನ ಖರ್ಚು ನಮ್ಮ ಬಳಗ ನೋಡಿಕೊಳ್ಳುತ್ತದೆ, ಬಾಟಲಿ, ಫಿಲ್ಟರ್ ಕಾಗದ, ಬಸ್ ಚಾರ್ಜು ಅಷ್ಟೇ ಅಲ್ವಾ.

ಭಾನುವಾರದ ಕೆಲಸ ನದಿಯದ್ದೇ ಇರಲಿ ಅಂತ ನನ್ನ ಮನಸ್ಸು. ಒಂದೇ ದಿನ, ಒಂದೇ ವಿಧಾನ, ಮೇಲಿನಿಂದ ಕೆಳಗಿನವರೆಗೆ. ಗೋವಾದ ತಮ್ಮಾ, ವಿಧಾನವನ್ನು ಒಂದು ಪುಟದಲ್ಲಿ ನೀವೇ ಬರೆಯಿರಿ. ಘಟ್ಟದ ಮೇಲಿನ ಆ ಮೇಡಂಗೆ ನಾನು ಮಾತಾಡಲಾ, ನೀವೇ ಮಾತಾಡುತ್ತೀರಾ?

ದೋನಾ ಪಾವ್ಲಾ ದಂಡೆ, ಗೋವಾ

ಬೆಳಗ್ಗೆಯೇ ಫೋನ್ ಮಾಡಿದೆ ಅಕ್ಕಾ. ಬರುತ್ತೇನೆ ಅಂದರು, ಆರು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಬರುತ್ತಾರೆ. ಕಾಡಿನೊಳಗೆ ಹೋದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಆದ್ದರಿಂದ ರಸ್ತೆ ಸೇತುವೆಗಳ ಮೇಲಿಂದಲೇ ನೀರು ತೆಗೆಯೋಣ. ಕಣಕುಂಬಿ ಕಡೆ ಒಂದು, ಸತ್ತರಿಯಲ್ಲಿ ಎರಡು, ಗಾಂಜೆ, ಪಣಜಿ, ಒಟ್ಟು ಐದು ಜಾಗ. ಘಟ್ಟದಲ್ಲಿ ಮಳೆ ಜೋರಾಗುವ ಮುಂಚೆ ಒಂದು ಸಲ, ಜುಲೈನಲ್ಲಿ ಇನ್ನೊಂದು ಸಲ. ಎಲ್ಲರೂ ಮಣ್ಣು ತೂಗುತ್ತೇವೆ, ಎಲ್ಲರೂ ಮೀಟರ್ ಕೂಡ ಮುಳುಗಿಸುತ್ತೇವೆ, ಎರಡನ್ನೂ ಬರೆಯುತ್ತೇವೆ. ಆಗ ಅವರ ಹಳೆಯ ಎನ್‌ಟಿಯು ಅಂಕಿಗಳನ್ನು ನಮ್ಮ ಮಿಲಿಗ್ರಾಂಗೆ ಹೊಂದಿಸಲು ಒಂದು ದಾರಿ ಸಿಕ್ಕೀತು. ಅಷ್ಟು ವರ್ಷದ ಅವರ ಸೋಮವಾರಗಳು ವ್ಯರ್ಥ ಆಗಬಾರದು.

ಪಣಜಿಯ ಜಾಗದಲ್ಲಿ ಮಾತ್ರ ಸಮಯ ಬೇರೆ ಇರುತ್ತದೆ, ಉಬ್ಬರ ಇಳಿತದ ಪಟ್ಟಿ ನೋಡಿ ನಾನು ಹೇಳುತ್ತೇನೆ. ಡೊಂಬಿವಲಿ ಕಾಕಾ, ನೀವೂ ಬನ್ನಿ. ಐದೂ ಸೇತುವೆಗೆ ಒಂದೇ ಸೊನ್ನೆಯಿಂದ ಅಳತೆಪಟ್ಟಿ ಕೂರಿಸಬೇಕು, ಅದಕ್ಕೆ ನಿಮ್ಮ ಕೈಯೇ ಬೇಕು. ಮುಂಬೈಯಿಂದ ರಾತ್ರಿ ರೈಲಿಗೆ ಹೊರಟರೆ ಬೆಳಗ್ಗೆ ಮಡಗಾಂವ್ ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಡೊಂಬಿವಲಿ ಫಿಟ್ಟರ್

ಟಿಕೆಟ್ ಮಾಡಿಸುತ್ತೇನೆ. ಲೆವೆಲ್ ಟ್ಯೂಬ್ ನನ್ನ ಹತ್ತಿರ ಇದೆ. ಪಟ್ಟಿ ಕೂರಿಸುವ ಸೇತುವೆಗಳ ಫೋಟೊ ಮೊದಲೇ ಕಳಿಸಿ, ಕಲ್ಲೋ ಕಾಂಕ್ರೀಟೋ ನೋಡಿ ಮೊಳೆ ತರುತ್ತೇನೆ.